ತಿಂಡಿ ಮಾರಿ ಓಡೋ ರೈಲು

ಜಪಾನಿನ ಚಿಬಾ ಕಡೆ ಚೋಶಿ ಅಂತ ಪುಟ್ಟ ಕಡಲೂರಿದೆ. ಕಾರಿಲ್ವಾ? ಎಲೆಕ್ಟ್ರಿಕ್ ರೈಲು ಹತ್ತಿ, ಇನುಬೋದಲ್ಲಿ ಇಳಿದು ನಡೆದ್ರೆ ಲೈಟ್‌ಹೌಸ್. 1923ರ ಲೈನು, ಉದ್ದ ಬರೀ 6.4 ಕಿ.ಮೀ.

2006ರಲ್ಲಿ ರೈಲಿನ ತಪಾಸಣೆಗೂ ದುಡ್ಡಿಲ್ಲದೆ, ನಮ್ಮ ನುರೆ ಸೆಂಬೆ ಕೊಂಡ್ಕೊಳ್ಳಿ ಅಂತ ಕಂಪನಿಯೇ ಜನರನ್ನ ಬೇಡಿಕೊಂಡಿತು. ಸೋಯಾ ಸಾಸಲ್ಲಿ ನೆನೆಸಿದ ಅಕ್ಕಿ ತಿಂಡಿ ಅದು. ಜನ ಮುಗಿಬಿದ್ದು ಕೊಂಡ್ರು, ರೈಲು ಉಳೀತು. ಆಮೇಲೂ ಟಿಕೆಟ್‌ಗಿಂತ ತಿಂಡಿಯಿಂದಾನೇ ಜಾಸ್ತಿ ಆದಾಯ.

ಎಲ್ರೂ ‘ಎಷ್ಟು ಕ್ಯೂಟ್’ ಅಂತಾರೆ. ಬಿಕಾಂ ಓದೋ ನಂಗೆ ಭಯ ಆಗತ್ತೆ ಕಣ್ರೋ. ಕಾರು ಓಡಿಸೋಕಾಗದ ಅಜ್ಜಿ ಪೇಟೆಗೆ ಹೋಗ್ಬೇಕಂದ್ರೆ, ಇನ್ನೆಲ್ಲೋ ಯಾರೋ ತಿಂಡಿ ಕೊಳ್ಳಬೇಕಾ? ಮನೆ ಮುಂದಿನ ರಸ್ತೆ ಎಷ್ಟು ಲಾಭ ತಂತು ಅಂತ ಯಾರೂ ಲೆಕ್ಕ ಕೇಳಲ್ಲ. ಹಳಿಗೆ ಮಾತ್ರ ಯಾಕೆ ಕೇಳ್ತೀವಿ?