ಮರಳಿನಂಚಿನ ವೇಷಗಾತಿ

ವೈಶಾಖ ಮುಗಿಯುತ್ತ ಬಂದಿತೆಂದರೆ ಕರಾವಳಿಯ ಬಯಲಾಟದ ಮೇಳಗಳಿಗೆ ಗೆಜ್ಜೆ ಬಿಚ್ಚುವ ಕಾಲ. ಆದರೆ ಕಡಲಂಚಿನ ಮರಳಿನಲ್ಲಿ ಇನ್ನೊಂದು ಆಟ ಆಗಲೂ ನಡೆದೇ ಇರುತ್ತದೆ. ಮರವಂತೆಯ ಹೆದ್ದಾರಿಯಲ್ಲಿ ಸಾಗುವ ಪಯಣಿಗರ ಕಣ್ಣು ಒಂದು ಮಗ್ಗುಲಿನ ಸೌಪರ್ಣಿಕೆಯ ಮೇಲೆ, ಇಲ್ಲವೇ ಇನ್ನೊಂದು ಮಗ್ಗುಲಿನ ಕಡಲಿನ ಮೇಲೆ. ಇಂಥ ತೀರಗಳಲ್ಲಿ ಇಳಿದು, ಕಾಲ ಬಳಿಯ ಗಿಡಬಳ್ಳಿಗಳನ್ನು ಬಗ್ಗಿ ನೋಡುವವರು ವಿರಳ.

ಮುಂಜಾನೆಯೇ ಬಂದವರಿಗೆ ಮೊದಲು ಎದುರಾಗುವುದು ಅಡುಂಬು ಬಳ್ಳಿ. ಆಡಿನ ಗೊರಸಿನಂತೆ ಸೀಳಿದ ಎಲೆ, ಆಲಿಕೆಯಾಕಾರದ ನಸುನೇರಳೆ ಹೂವು. ಬೆಳಗ್ಗೆ ಅರಳಿದ ಹೂ ಬಿಸಿಲೇರಿದ ಮೇಲೆ ಬಾಡುತ್ತದೆ. ಬಳ್ಳಿ ಮಾತ್ರ ಹರಿದಲ್ಲೆಲ್ಲ ಗಿಣ್ಣುಗಳಿಂದ ಬೇರಿಳಿಸಿ ಮರಳನ್ನು ಹಿಡಿದಿಡುತ್ತದೆ.

ಅದರಾಚೆ, ತುಸು ಎತ್ತರದಲ್ಲಿ ಎಕ್ಕದ ಗಿಡ. ಮರ ಕೊರೆಯುವ ಕರಿದುಂಬಿಗೆ ಅದರ ಹೂವೆಂದರೆ ಹಬ್ಬ. ಎಕ್ಕದ ಪರಾಗ ಪುಡಿಯಾಗಿ ಉದುರುವುದಿಲ್ಲ. ಪುಟ್ಟ ಜೋಡಿಗಂಟಾಗಿ ದುಂಬಿಯ ಮೈಗೆ ಸಿಕ್ಕಿಕೊಂಡು ಮುಂದಿನ ಹೂವನ್ನು ಸೇರುತ್ತದೆ.

ಎಲೆಯನ್ನು ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಕಂಬಳಿಹುಳುವೊಂದು ಸಿಕ್ಕೀತು. ಮೈಮೇಲೆ ಮೂರು ಜೊತೆ ಕರಿಯ ಎಳೆಗಳು. ಇದು ‘ಪ್ಲೇನ್ ಟೈಗರ್’ ಚಿಟ್ಟೆಯ ಮರಿ. 1758ರಲ್ಲಿ ಲಿನೇಯಸ್ ಶಾಸ್ತ್ರೀಯ ಹೆಸರಿತ್ತ ಚಿಟ್ಟೆ. ದನಕರುಗಳು ದೂರವಿಡುವ ಎಕ್ಕವೇ ಇದರ ಅನ್ನ. ವಿಷದ ಸಸ್ಯಗಳಿಂದ ಪಡೆದ ಕಹಿ ಚಿಟ್ಟೆಯ ಮೈಯಲ್ಲಿ ಉಳಿಯುವುದರಿಂದ, ಒಮ್ಮೆ ಕುಕ್ಕಿ ಉಗುಳಿದ ಹಕ್ಕಿ ಆ ಕಿತ್ತಳೆ ರೆಕ್ಕೆಯ ತಂಟೆಗೆ ಮತ್ತೆ ಹೋಗದು.

ವೇಷದ ಪ್ರಸಂಗ ಮೊದಲಾಗುವುದು ಇಲ್ಲಿಯೇ. ‘ಡನೇಯ್ಡ್ ಎಗ್‌ಫ್ಲೈ’ ಎಂಬ ಬೇರೊಂದು ಚಿಟ್ಟೆಯ ಗಂಡಿಗೆ ಕಪ್ಪು ರೆಕ್ಕೆ, ಅದರಲ್ಲಿ ಬಿಳಿಯ ದುಂಡು ಮಚ್ಚೆಗಳು. ಹೆಣ್ಣಾದರೋ ಪ್ಲೇನ್ ಟೈಗರಿನ ಪಡಿಯಚ್ಚು! ಅವಳ ಮೈಯಲ್ಲಿ ಆ ಕಹಿ ಇಲ್ಲ, ಬಣ್ಣವೇ ಕಾವಲು. ಹಿಂದಿನ ರೆಕ್ಕೆಯನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ: ಅಸಲಿಗೆ ನಡುವೆ ಮೂರು ನಾಲ್ಕು ಕರಿಚುಕ್ಕೆ, ವೇಷಗಾತಿಗೆ ಮೇಲಂಚಿನಲ್ಲಿ ಒಂದೇ ಒಂದು. ಇವಳ ಮರಿಗಳು ಬೆಳೆಯುವುದು ನೆಲಕ್ಕಂಟಿದ ಗೋಣಿಸೊಪ್ಪಿನಂಥ ಬಡ ಸಸ್ಯಗಳ ಮೇಲೆ.

ಅಡುಂಬು, ಎಕ್ಕ, ಗೋಣಿಸೊಪ್ಪು ಮೂರೂ ಜನರ ಬಾಯಲ್ಲಿ ಕಳೆಗಳೇ. ತೀರವನ್ನು ಚೊಕ್ಕಟಗೊಳಿಸಲೆಂದೋ, ವಾಹನ ನಿಲ್ಲಿಸಲೆಂದೋ ಮೊದಲು ಕಿತ್ತೆಸೆಯುವುದು ಇವನ್ನೇ. ಎಕ್ಕ ಹೋದರೆ ಕಹಿಚಿಟ್ಟೆ ಹೋಯಿತು. ಅಸಲೇ ಇಲ್ಲದ ಮೇಲೆ ವೇಷವನ್ನು ನಂಬುವ ಹಕ್ಕಿ ಯಾವುದು? ಅಡುಂಬು ಹೋದರೆ, ಕೆಲವೇ ವಾರಗಳಲ್ಲಿ ಬರುವ ಮುಂಗಾರಿನ ತೆರೆಗಳಿಗೆ ಮರಳು ಕಟ್ಟಿಲ್ಲದ ಮೂಟೆ.

ಗುದ್ದಲಿ ಎತ್ತುವವರು ಅದಕ್ಕೆ ಮುನ್ನ ಒಂದು ಮುಂಜಾನೆಯಾದರೂ ಅಲ್ಲಿ ಬಗ್ಗಿ, ಆ ಚುಕ್ಕೆಗಳನ್ನು ಎಣಿಸಿ ನೋಡಲಿ.