ಸೋತು ಹೊರಟ ಗುರುವಿಗೆ ಜಯಘೋಷ

ಗೆದ್ದವನ ಕೊರಳಿಗೆ ಹಾರ ಹಾಕುವವರಿಗೆ ಲೋಕದಲ್ಲಿ ಎಂದೂ ಕೊರತೆಯಿಲ್ಲ. ಸೋತು ಹೊರಟವನನ್ನು ಊರ ಬಾಗಿಲವರೆಗೆ ಕಳುಹಿಸಿ ಬರುವವರು ಮಾತ್ರ ವಿರಳ. ಆದಕಾರಣವೇ, 1997ನೆಯ ಇಸವಿ ನವೆಂಬರ್ 29ನೆಯ ತಾರೀಖು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ಅಂದು ಅಲ್ಲಿಯ ಸೂಪರ್‌ಡೋಮ್ ಎಂಬ ಮಹಾಕ್ರೀಡಾಂಗಣದಲ್ಲಿ ಗ್ರಾಂಬ್ಲಿಂಗ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು ಸದರ್ನ್ ವಿಶ್ವವಿದ್ಯಾಲಯದ ತಂಡದೆದುರು 30ಕ್ಕೆ 7ರಂತೆ ಸೋತಿತು. ಸೋತ ತಂಡದ ಗುರು, 78 ವರ್ಷ ವಯಸ್ಸಿನ ಎಡ್ಡಿ ರಾಬಿನ್ಸನ್ನರು, ಆ ಆಟದೊಡನೆಯೇ ತಮ್ಮ ಕಾರ್ಯದಿಂದ ನಿವೃತ್ತರಾದರು. ನೆರೆದಿದ್ದ ಹತ್ತಾರು ಸಾವಿರ ಜನರು ಆ ಸೋತ ವೃದ್ಧನಿಗೆ ಜಯಘೋಷ ಮಾಡಿದರು.

ಅಮೆರಿಕದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ಅಡ್ಡ ಬಂದವರನ್ನು ಮೈಯೊಡ್ಡಿ ತಡೆಯುತ್ತ ಆಡುವ ಆಟವದು. ಕಾಲೇಜುಗಳ ನಡುವಣ ಪಂದ್ಯಗಳಿಗೆ ಅಲ್ಲಿ ಊರಿಗೆ ಊರೇ ನೆರೆಯುತ್ತದೆ. ತಂಡವನ್ನು ಆರಿಸಿ, ತಿದ್ದಿ, ನಡೆಸುವವನಿಗೆ ಕೋಚ್ ಎಂದು ಹೆಸರು. ಗೆದ್ದರೆ ಅವನಿಗೆ ಪೂಜೆ, ಸೋತರೆ ಅವನ ಕೆಲಸಕ್ಕೆ ಸಂಚಕಾರ. ಇಂಥ ಉದ್ಯೋಗದಲ್ಲಿ ರಾಬಿನ್ಸನ್ನರು 1941ರಿಂದ 1997ರವರೆಗೆ ಒಂದೇ ಸಂಸ್ಥೆಯಲ್ಲಿ ನಿಂತರು. ರೂಸ್‌ವೆಲ್ಟರು ಅಧ್ಯಕ್ಷರಾಗಿದ್ದಾಗ ಹಿಡಿದ ಕೆಲಸವನ್ನು ಕ್ಲಿಂಟನ್ನರ ಕಾಲದಲ್ಲಿ ಬಿಟ್ಟರು. ತಮ್ಮ ನಿಜವಾದ ದಾಖಲೆಯೆಂದರೆ ಒಂದೇ ಉದ್ಯೋಗ, ಒಬ್ಬಳೇ ಹೆಂಡತಿ ಎಂದು ಅವರು ಹೇಳುತ್ತಿದ್ದುದುಂಟು.

ರಾಬಿನ್ಸನ್ನರು ಲೂಸಿಯಾನ ರಾಜ್ಯದ ಜಾಕ್ಸನ್ ಎಂಬ ಊರಿನಲ್ಲಿ 1919ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಬಡವರ ಮಗ. ತಂದೆ ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದವನು. ತಾಯಿ ಅನ್ಯರ ಮನೆಗೆಲಸ ಮಾಡುತ್ತಿದ್ದವಳು. ಕಾಲೇಜಿನ ಪದವಿ ದೊರೆತ ಮೇಲೂ ಈ ತರುಣನಿಗೆ ಬ್ಯಾಟನ್ ರೂಜ್ ನಗರದ ದನದ ಮೇವಿನ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿಯೇ ಗತಿಯಾಗಿತ್ತು. ತನ್ನ 22ನೆಯ ವಯಸ್ಸಿನಲ್ಲಿ, ತಿಂಗಳಿಗೆ 63 ಡಾಲರು 75 ಸೆಂಟು ಸಂಬಳದ ಮೇಲೆ, ಕಪ್ಪು ಜನರಿಗಾಗಿಯೇ ಇದ್ದ ಗ್ರಾಂಬ್ಲಿಂಗಿನ ಚಿಕ್ಕ ವಿದ್ಯಾಸಂಸ್ಥೆಯನ್ನು ಸೇರಿದರು. ಮೊದಲ ವರ್ಷ 3 ಆಟ ಗೆದ್ದು 5 ಸೋತರು. ಮರುವರ್ಷ, 1942ರಲ್ಲಿ, ಅವರ ತಂಡವು ಆಡಿದ 9 ಆಟಗಳನ್ನೂ ಗೆದ್ದುದಲ್ಲದೆ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ.

ಆ ಕಾಲದ ಕಷ್ಟಗಳನ್ನು ನೆನೆದರೆ ಈ ಸಾಧನೆಯ ತೂಕ ತಿಳಿದೀತು. ಮೈದಾನದ ಹುಲ್ಲು ಕತ್ತರಿಸಿ ಗೆರೆ ಎಳೆಯುವವರೂ ಅವರೇ. ಗಾಯಗೊಂಡ ಹುಡುಗರ ಕಾಲಿಗೆ ಪಟ್ಟಿ ಸುತ್ತುವವರೂ ಅವರೇ. ಆಟ ಮುಗಿದ ಮೇಲೆ ಪತ್ರಿಕೆಗಳಿಗೆ ವರದಿ ಬರೆದು ಕಳುಹಿಸುವವರೂ ಅವರೇ. ಪರ ಊರಿಗೆ ಹೊರಟರೆ ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಎಲೆ ಹಾಕುತ್ತಿರಲಿಲ್ಲವಾದ್ದರಿಂದ, ಬ್ರೆಡ್ಡಿನ ಬುತ್ತಿಯನ್ನು ಕಟ್ಟಿಕೊಂಡೇ ತಂಡ ಹೊರಡಬೇಕಾಗಿತ್ತು. ಇಷ್ಟರ ಮಧ್ಯೆಯೂ ಅವರು ಒಂದು ನಿಯಮವನ್ನು ಸಡಿಲಿಸಲಿಲ್ಲ. ಬೆಳಗಾಗುತ್ತಲೇ ಕೈಯಲ್ಲಿ ಗಂಟೆ ಹಿಡಿದು ವಿದ್ಯಾರ್ಥಿನಿಲಯದ ಕೋಣೆ ಕೋಣೆಗೂ ಹೋಗಿ ಆಟಗಾರರನ್ನು ಎಬ್ಬಿಸುವರು. ಹಾಗೆ ಎಬ್ಬಿಸುತ್ತಿದ್ದುದು ಪಾಠದ ತರಗತಿಗೆ. ಪ್ರಯಾಣದಲ್ಲಿ ಹುಡುಗರು ಕೋಟು ಟೈ ಧರಿಸಿ ಸಭ್ಯರಂತೆ ನಡೆಯತಕ್ಕದ್ದು. ಆಟವು ಹತ್ತು ವರ್ಷದ ಮಾತು, ವಿದ್ಯೆ ಜೀವಮಾನದ ಮಾತು ಎಂಬುದನ್ನು ಅವರು ಭಾಷಣ ಮಾಡಿ ಕಲಿಸದೆ ಗಂಟೆ ಬಾರಿಸಿ ಕಲಿಸಿದರು.

ಫಲವೂ ಅದಕ್ಕೆ ತಕ್ಕಂತೆಯೇ ದೊರೆಯಿತು. 1949ರಲ್ಲಿ ಅವರ ಶಿಷ್ಯ ಪಾಲ್ ಯಂಗರ್ ಲಾಸ್ ಏಂಜಲಿಸ್ಸಿನ ವೃತ್ತಿ ತಂಡವನ್ನು ಸೇರಿ, ಕಪ್ಪು ಜನರ ಕಾಲೇಜುಗಳಿಂದ ಆ ಮಟ್ಟಕ್ಕೇರಿದವರಲ್ಲಿ ಮೊದಲಿಗನಾದನು. ಅವನ ಹಿಂದೆ ಹೋದ ಗ್ರಾಂಬ್ಲಿಂಗಿನ ಹುಡುಗರು ಇನ್ನೂರಕ್ಕೂ ಹೆಚ್ಚು ಮಂದಿ. ತಂಡದ ಆಟವನ್ನೆಲ್ಲ ತನ್ನ ಬುದ್ಧಿಯಿಂದ ನಡೆಸುವ ಕ್ವಾರ್ಟರ್‌ಬ್ಯಾಕಿನ ಸ್ಥಾನಕ್ಕೆ ಕಪ್ಪು ಆಟಗಾರ ತಕ್ಕವನಲ್ಲವೆಂಬ ದುರಭಿಪ್ರಾಯವು ಬಹುಕಾಲ ಪ್ರಬಲವಾಗಿತ್ತು. ಅದಕ್ಕೆ ರಾಬಿನ್ಸನ್ನರು ಕೊಟ್ಟ ಉತ್ತರವೆಂದರೆ 1969ರಲ್ಲಿ ಬಫಲೋ ತಂಡವನ್ನು ಆ ಸ್ಥಾನದಲ್ಲಿ ನಿಂತು ನಡೆಸಿದ ಜೇಮ್ಸ್ ಹ್ಯಾರಿಸ್. ಮತ್ತು 1988ರ ಜನವರಿಯ ಸೂಪರ್ ಬೌಲ್ ಮಹಾಪಂದ್ಯದಲ್ಲಿ ವಾಷಿಂಗ್ಟನ್ ತಂಡಕ್ಕೆ 42ಕ್ಕೆ 10ರ ಜಯವನ್ನು ದೊರಕಿಸಿ, ಅತ್ಯುತ್ತಮ ಆಟಗಾರನೆನಿಸಿದ ಡಗ್ ವಿಲಿಯಮ್ಸ್. 1985ರಲ್ಲಿ ಅಲಬಾಮಾದ ಸುಪ್ರಸಿದ್ಧ ಕೋಚ್ ಬ್ರಯಂಟರ 323 ಗೆಲುವುಗಳ ದಾಖಲೆಯನ್ನು ರಾಬಿನ್ಸನ್ನರು ಮೀರಿದರು. ನಿವೃತ್ತರಾಗುವ ವೇಳೆಗೆ 408 ಗೆಲುವು, 165 ಸೋಲು, 15 ಸಮ ಎಂಬ ಲೆಕ್ಕ ಅವರ ಹೆಸರಿನಲ್ಲಿತ್ತು.

ಇಂಥವರು ಕೊನೆಗೆ ಸೋತದ್ದೇಕೆ? ವಯಸ್ಸು ಒಂದು ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕಿಂತ ಆಳವಾದ ಕಾರಣವೊಂದುಂಟು. ಲೂಸಿಯಾನದ ದೊಡ್ಡ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ 1970ರ ದಶಕದ ಆರಂಭದವರೆಗೂ ಕಪ್ಪು ಹುಡುಗರಿಗೆ ಎಡೆಯಿರಲಿಲ್ಲ. ಬಾಗಿಲು ಮುಚ್ಚಿದ್ದಾಗ ಪ್ರತಿಭಾವಂತರೆಲ್ಲ ಗ್ರಾಂಬ್ಲಿಂಗಿಗೆ ಬರುತ್ತಿದ್ದರು. ಬಾಗಿಲು ತೆರೆದ ಮೇಲೆ, ಹಣವೂ ಹೆಸರೂ ಉಳ್ಳ ಸಂಸ್ಥೆಗಳು ಅದೇ ಹುಡುಗರನ್ನು ಕರೆದೊಯ್ಯತೊಡಗಿದವು. ಕಪ್ಪು ಹುಡುಗನು ಯಾರಿಗೂ ಕಡಿಮೆಯಲ್ಲವೆಂದು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ರಾಬಿನ್ಸನ್ನರು ಅಗ್ರಗಣ್ಯರು. ಲೋಕವು ಆ ಮಾತನ್ನು ಒಪ್ಪಿದಾಗ ಬರಿದಾದದ್ದು ಅವರ ಅಂಗಳವೇ. ತಾನು ಕಡಿದ ದಾರಿಯಲ್ಲಿ ಮಕ್ಕಳು ಮುಂದೆ ಹೋಗಿ, ತಾನು ಮನೆಯಲ್ಲಿ ಒಂಟಿಯಾದ ತಂದೆಯ ಸ್ಥಿತಿ ಅದು. 1996 ಮತ್ತು 1997ರಲ್ಲಿ ತಂಡವು ತಲಾ 3 ಆಟಗಳನ್ನು ಗೆದ್ದು 8ರಲ್ಲಿ ಸೋತಿತು. ಈ ಸೋಲುಗಳನ್ನು ಬರಿಯ ಸೋಲೆಂದು ಎಣಿಸುವುದು ನಮಗೆ ನ್ಯಾಯವೆಂದು ತೋರದು.

ಆದರೆ ಅಂಕಪಟ್ಟಿಯನ್ನು ಓದುವವರಿಗೆ ಇಷ್ಟು ವ್ಯವಧಾನವೆಲ್ಲಿ? 1996ರ ಕೊನೆಯಲ್ಲಿ ಈ ವೃದ್ಧನನ್ನು ಕೆಳಗಿಳಿಸಬೇಕೆಂಬ ಒತ್ತಡ ಬಲವಾಯಿತು. ಹಳೆಯ ಶಿಷ್ಯರೂ ಅಭಿಮಾನಿಗಳೂ ಪ್ರತಿಭಟಿಸಿದರು. ತತ್ಪರಿಣಾಮವಾಗಿ ಅವರಿಗೆ ಇನ್ನೊಂದು ವರ್ಷದ ಅವಕಾಶ ದೊರೆಯಿತು. ಆ ವರ್ಷವೇ ಊರೂರಿನಲ್ಲಿಯೂ ಬೀಳ್ಕೊಡುಗೆಯ ವರ್ಷವಾಯಿತು. ಈ ವಿವಾದದಲ್ಲಿ ಎರಡು ಪಕ್ಷಗಳಿಗೂ ಅವರವರ ನ್ಯಾಯವಿತ್ತು. ಸಂಸ್ಥೆಯು ವ್ಯಕ್ತಿಗಿಂತ ದೊಡ್ಡದು. ಎಂಥ ಹಿರಿಯನಾದರೂ ಎಂದಾದರೊಂದು ದಿನ ಕೋಲನ್ನು ಕಿರಿಯನ ಕೈಗೆ ಕೊಡಲೇಬೇಕು. ಅದು ಒಪ್ಪತಕ್ಕ ಮಾತು. ಆದರೆ ಐವತ್ತೈದು ವರ್ಷ ದುಡಿದವನನ್ನು ಕಳುಹಿಸುವ ರೀತಿಯೂ ವಿದ್ಯಾಸಂಸ್ಥೆಯ ಪಾಠಗಳಲ್ಲಿ ಒಂದು. ಅದನ್ನು ನೋಡಿಯೇ ತರುಣರು, ನಿಷ್ಠೆಯಿಂದ ದುಡಿದವನಿಗೆ ಕೊನೆಯಲ್ಲಿ ಏನು ದೊರೆಯುತ್ತದೆಂಬುದನ್ನು ಕಲಿಯುತ್ತಾರೆ. ಆ ಒಂದು ವರ್ಷವನ್ನು ಕೇಳಿದ ಅಭಿಮಾನಿಗಳು ಸರಿಯಾದುದನ್ನೇ ಕೇಳಿದರು. ಅದು ಕಡೆಯ ವರ್ಷವಾದದ್ದೂ ಸರಿಯೇ. 1998ರಲ್ಲಿ ಶಿಷ್ಯ ಡಗ್ ವಿಲಿಯಮ್ಸನೇ ಗುರುವಿನ ಸ್ಥಾನಕ್ಕೆ ಬಂದು, 2000ದಿಂದ 2002ರವರೆಗೆ ಸತತ ಮೂರು ವರ್ಷ ತಂಡಕ್ಕೆ ಪ್ರಾಂತ್ಯದ ಅಗ್ರಪದವಿಯನ್ನು ತಂದನು. ತನ್ನ ಸ್ಥಾನಕ್ಕೆ ತಕ್ಕವನನ್ನು ತಾನೇ ಸಿದ್ಧಪಡಿಸಿ ಹೋದ ಗುರುವನ್ನು ಸೋತವನೆಂದು ಯಾರು ಕರೆದಾರು?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಆಡದಿದ್ದರೆ ನಾವು ಕರ್ತವ್ಯಚ್ಯುತರಾದೇವು. ಕೋಚಿನ ಮೇಲಣ ಅಭಿಮಾನವು ಕುರುಡುಭಕ್ತಿಯಾದರೆ ಅನರ್ಥಕ್ಕೆ ದಾರಿಯಾಗುತ್ತದೆ. ಪೆನ್‌ಸಿಲ್ವೇನಿಯದ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೋ ಪಟರ್ನೋ ಅವರು 409 ಆಟಗಳನ್ನು ಗೆದ್ದು ದೇವರಂತೆ ಪೂಜಿತರಾಗಿದ್ದರು. ಅವರ ಕೈಕೆಳಗೆ ಬಹುಕಾಲ ದುಡಿದ ಸಹಾಯಕನ ಮೇಲೆ ಬಾಲಕರನ್ನು ಕೆಡಿಸಿದ ಘೋರಾಪಾದನೆ ಬಂದು, 2011ರ ನವೆಂಬರಿನಲ್ಲಿ ಪಟರ್ನೋ ಪದಚ್ಯುತರಾದರು. 2012ರಲ್ಲಿ ಆ ಸಹಾಯಕನ ಅಪರಾಧ ನ್ಯಾಯಾಲಯದಲ್ಲಿ ಸಿದ್ಧವಾಯಿತು. ಕೋಚನ್ನು ತೆಗೆದ ರಾತ್ರಿ ಅನೇಕ ವಿದ್ಯಾರ್ಥಿಗಳು ಬೀದಿಗಿಳಿದು ದಾಂಧಲೆ ಮಾಡಿದರೆಂಬುದು ವಿಷಾದಕರ. ಗುರುವಿನ ಗೆಲುವುಗಳನ್ನು ಎಣಿಸಿ ಮಾಡುವ ಭಕ್ತಿಗೂ, ಅವನ ಕೈಯಲ್ಲಿ ಬೆಳೆದ ಮಕ್ಕಳನ್ನು ನೋಡಿ ಸಲ್ಲಿಸುವ ಗೌರವಕ್ಕೂ ಇರುವ ಅಂತರ ಇದು. ಮೊದಲನೆಯದು ಕಣ್ಣು ಕಟ್ಟುತ್ತದೆ. ಎರಡನೆಯದು ಕಣ್ಣು ತೆರೆದೇ ಇರಬೇಕಾದದ್ದು.

ಗೆಲುವಿನ ಎಣಿಕೆಯಾದರೂ ಎಷ್ಟು ದಿನದ್ದು? ರಾಬಿನ್ಸನ್ನರ 408ನ್ನು ಮಿನೆಸೋಟದ ಒಂದು ಚಿಕ್ಕ ಕಾಲೇಜಿನ ಜಾನ್ ಗಾಲಿಯಾರ್ಡಿ ಅವರು 2003ರಲ್ಲಿ ಮೀರಿದರು; ಅವರು 2012ರಲ್ಲಿ ನಿವೃತ್ತರಾದಾಗ ಅವರ ಲೆಕ್ಕ 489. ದಾಖಲೆಯೆಂಬುದು ಇನ್ನೊಬ್ಬನು ಬರುವವರೆಗೆ ಕುಳಿತುಕೊಳ್ಳಲು ಹಾಕಿದ ಮಣೆ. ಗಂಟೆಯ ಸದ್ದಿಗೆ ಎದ್ದು ತರಗತಿಗೆ ಹೋದ ಹುಡುಗರ ಬಾಳನ್ನು ಮೀರಿಸತಕ್ಕ ದಾಖಲೆ ಯಾವುದೂ ಇಲ್ಲ.

ಕಡೆಗಾಲದಲ್ಲಿ ರಾಬಿನ್ಸನ್ನರಿಗೆ ಮರೆವಿನ ರೋಗ ತಗುಲಿತು. ತಮ್ಮ ಗೆಲುವುಗಳನ್ನು ಅವರು ಮರೆತಿರಬಹುದು. ಅವರನ್ನು ಶಿಷ್ಯರು ಮರೆಯಲಿಲ್ಲ. 2007ರ ಏಪ್ರಿಲ್ 3ರಂದು ಅವರು ತೀರಿಕೊಂಡಾಗ, ಸಾರ್ವಜನಿಕರ ಅಂತಿಮ ದರ್ಶನಕ್ಕಾಗಿ ಅವರ ದೇಹವನ್ನು ಬ್ಯಾಟನ್ ರೂಜಿನ ರಾಜ್ಯ ಶಾಸನಭವನದಲ್ಲಿ ಇರಿಸಲಾಯಿತು. ಒಂದು ಕಾಲಕ್ಕೆ ಗಂಟೆಗೆ 25 ಸೆಂಟಿಗೆ ಅವರು ಮೇವಿನ ಮೂಟೆಗಳ ನಡುವೆ ದುಡಿದ ನಗರವೂ ಅದೇ.

ನಮ್ಮ ಊರುಗಳಲ್ಲಿಯೂ ಪ್ರತಿ ವರ್ಷ ಉಪಾಧ್ಯಾಯರು ನಿವೃತ್ತರಾಗುತ್ತಾರೆ. ಶಾಲು, ಹಾರ, ಹಣ್ಣಿನ ತಟ್ಟೆಗಳ ಉಪಚಾರವು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಆ ಶಾಲನ್ನು ಹೊದಿಸುವ ಮುನ್ನ, ಈತನು ಬೆಳಿಗ್ಗೆ ಎಬ್ಬಿಸಿದ ಮಕ್ಕಳೆಷ್ಟು, ಅವರು ಈಗ ಎಲ್ಲಿದ್ದಾರೆ ಎಂದು ಒಮ್ಮೆ ಕೇಳಿಕೊಂಡರೆ, ನ್ಯೂ ಆರ್ಲಿಯನ್ಸಿನ ಆ ಜನರು 30ಕ್ಕೆ 7ರಂತೆ ಸೋತವನಿಗೆ ಏಕೆ ಜಯಘೋಷ ಮಾಡಿದರೆಂಬುದು ಯಾರಿಗಾದರೂ ತಿಳಿದೀತು.