"ಅವಕ್ಕೆ ಓದೋ ಮನಸ್ಸೇ ಇರಲ್ಲ ಬಿಡ್ರೀ"



ನಮ್ಮಜ್ಜಿಯ ಹತ್ತಿರ ಎರಡು ಗಾದೆಗಳಿದ್ದವು. "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುವುದು ಒಂದು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ದಿನ, ಒಂದೇ ಮೊಮ್ಮಗನ ಮೇಲೆ ಪ್ರಯೋಗಿಸುತ್ತಿದ್ದರು (ಆ ಮೊಮ್ಮಗ ನಾನೇ!).

ಕಳೆದ ಸಭೆಯಲ್ಲಿ ಇದು ನೆನಪಾಯಿತು. ರಾಜ್ಯೋತ್ಸವದ ದೇಣಿಗೆಯಿಂದ ಊರ ಕಡೆಯ ಸರ್ಕಾರಿ ಶಾಲೆಗೆ ಏನು ಕೊಡುವುದು ಎಂಬ ಮಾತು ನಡೆದಿತ್ತು. ಕಂಪ್ಯೂಟರ್, ಪ್ರೊಜೆಕ್ಟರ್, ಸ್ಕೂಲ್ ಬ್ಯಾಗು. ಏಳನೇ ಕ್ಲಾಸಿಗೇ ಶಾಲೆ ಬಿಡುವ ಮಕ್ಕಳ ವಿಷಯ ಒಬ್ಬರು ಎತ್ತಿದರು. "ಅವಕ್ಕೆ ಓದೋ ಮನಸ್ಸೇ ಇರಲ್ಲ ಬಿಡ್ರೀ" ಅಂದರು ಇನ್ನೊಬ್ಬರು. ಅಲ್ಲಿಗೆ ಮುಗಿಯಿತು. ಅಂದವರು ನನಗೆ ಬೇಕಾದವರೇ, ಆದರೂ ಈ ಮಾತನ್ನು ನಾನು ಒಪ್ಪಲಾರೆ.

ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲಾ ಚೆಸ್ ಎಂಬ ವೈದ್ಯ ದಂಪತಿ 1956ರಲ್ಲಿ ಒಂದು ಅಧ್ಯಯನ ಶುರುಮಾಡಿದರು. 133 ಮಕ್ಕಳನ್ನು ಹಸುಗೂಸಿನಿಂದ ದೊಡ್ಡವರಾಗುವವರೆಗೆ ಗಮನಿಸಿದರು. ಕೆಲವು ಮಕ್ಕಳು ಯಾವುದಕ್ಕೂ ಸುಲಭವಾಗಿ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ಮೂಗಿನ ತುದಿಯಲ್ಲೇ ಕೋಪ, ಇನ್ನು ಕೆಲವು ಹೊಸ ಜಾಗದಲ್ಲಿ ಬಾಯಿ ಬಿಡಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಇದು ಅಜ್ಜಿಗೂ ಗೊತ್ತಿತ್ತು. ಅಜ್ಜಿಗೆ ಗೊತ್ತಿಲ್ಲದ್ದೆಂದರೆ, ತೊಂದರೆ ಬರುವುದು ಸ್ವಭಾವ ಒಂದರಿಂದಲೇ ಅಲ್ಲ, ಸ್ವಭಾವಕ್ಕೂ ಸುತ್ತಲಿನವರು ಬಯಸುವುದಕ್ಕೂ ಹೊಂದಿಕೆ ತಪ್ಪಿದಾಗ ಎಂಬುದು. ಅದೇ ಊರಿನ ಪೋರ್ಟೊರಿಕೋ ಮೂಲದ ಕಾರ್ಮಿಕ ಕುಟುಂಬಗಳನ್ನೂ ಅವರು ನೋಡಿದರು. ಮನೆ ಇಕ್ಕಟ್ಟು, ಬೀದಿಗೆ ಬಿಡಲು ಭಯ. ಅಂಥ ಮನೆಯಲ್ಲಿ ಓಡಾಡುವ ಮಗು ದೊಡ್ಡ ತಲೆನೋವು. ಅದೇ ಮಗು ಅಂಗಳವಿರುವ ಮನೆಯಲ್ಲಿದ್ದರೆ "ಚುರುಕು" ಅನ್ನಿಸಿಕೊಳ್ಳುತ್ತಿತ್ತು.

ನಮ್ಮ ಹಳ್ಳಿಗಳ ಕಡೆ ನೋಡಿ. ಸಾಮಾನ್ಯವಾಗಿ ಏಳರವರೆಗೆ ಊರ ಶಾಲೆ, ಎಂಟಕ್ಕೆ ಹೈಸ್ಕೂಲು, ಅದು ಎಷ್ಟೋ ಕಡೆ ಬೇರೆ ಊರಲ್ಲಿ. ಹನ್ನೆರಡು ಹದಿಮೂರರ ವಯಸ್ಸು. ಹೊಸ ಮೇಷ್ಟ್ರು, ಹೊಸ ಮಕ್ಕಳು, ಬಸ್ಸು. ಬೆರೆಯಲು ಸಮಯ ಬೇಕಾದ ಹುಡುಗಿ ಜೂನ್ ತಿಂಗಳಲ್ಲೇ ಸೋತುಹೋಗುತ್ತಾಳೆ.

ಬಡತನವೇ ಮುಖ್ಯ ಕಾರಣ, ನಿಜ. ಆದರೆ ನನ್ನ ಜೊತೆ ಏಳನೇ ಕ್ಲಾಸಿನಲ್ಲಿದ್ದ ಹುಡುಗನೊಬ್ಬ ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ. ಮೇಷ್ಟ್ರು ಎಲ್ಲರೆದುರು ಕಿವಿ ಹಿಂಡಿದರೆ ತಿರುಗಿ ಮಾತಾಡುತ್ತಿದ್ದ. ಪೆಟ್ಟು ಹೆಚ್ಚಾಗುತ್ತಿತ್ತು, ನಾವು ನಗುತ್ತಿದ್ದೆವು. ಮೊದಲು ಸಂತೆಯ ದಿನ ತಪ್ಪಿಸಿದ, ಆಮೇಲೆ ಸುಗ್ಗಿಯಲ್ಲಿ ಒಂದು ವಾರ, ಆಮೇಲೆ ಬರಲೇ ಇಲ್ಲ. ಯಾರೂ ಹುಡುಕಿಕೊಂಡು ಹೋಗಲಿಲ್ಲ. ಅವನ ತಮ್ಮ ಸಾಧು. ಅದೇ ಮನೆ, ಅದೇ ಬಡತನ, ಅವನು ಪಿಯುಸಿ ಮುಗಿಸಿದ. ಇಬ್ಬರಲ್ಲಿ ಯಾರು ಉಳಿಯಬೇಕೆಂದು ತೀರ್ಮಾನಿಸಿದ್ದು ಏನು, ನೀವೇ ಹೇಳಿ.

ಈಗ ಕಾಲ ಬದಲಾಗಿದೆ. 2002ರಿಂದ ಬಿಸಿಯೂಟ ಬಂತು. 2010ರ ಏಪ್ರಿಲ್‌ನಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಹಸಿವಿಗೆ ಊಟ ಸಾಕು. ಮುನಿಸಿಕೊಂಡು ಮನೆಯಲ್ಲಿ ಕೂತ ಹುಡುಗನಿಗೆ ಒಬ್ಬ ಮನುಷ್ಯ ಬೇಕು.

ನನ್ನ ಮಗಳು ಇಲ್ಲಿ ಆರನೇ ಗ್ರೇಡಿಗೆ ಹೊಸ ಶಾಲೆ ಸೇರಿ ಮೂರು ತಿಂಗಳು ಮಾತೇ ಆಡಲಿಲ್ಲ. ಕೌನ್ಸೆಲರ್ ಒಬ್ಬರು ಊಟದ ಹೊತ್ತಿನಲ್ಲಿ ಅವಳನ್ನು ಇಬ್ಬರೇ ಇಬ್ಬರು ಹುಡುಗಿಯರ ಜೊತೆ ಕೂರಿಸತೊಡಗಿದರು. "ಅವಳಿಗೆ ಓದೋ ಮನಸ್ಸಿಲ್ಲ" ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ನನ್ನ ಸಲಹೆ ಇಷ್ಟು. ದೇಣಿಗೆಯ ಅರ್ಧದಲ್ಲಿ ಆ ಊರಿನದೇ ಓದಿದ ಒಬ್ಬ ಹೆಣ್ಣುಮಗಳಿಗೆ ಗೌರವಧನ ಕೊಡೋಣ. ಮಾರ್ಚ್‌ನಲ್ಲೇ ಏಳನೆಯವರನ್ನು ಹೈಸ್ಕೂಲಿಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಲಿ. ಜೂನ್ ನಂತರ ಮೂರು ದಿನ ಬಾರದ ಮಗುವಿನ ಮನೆಗೆ ಹೋಗಿ, ಬೈಯದೆ, ಕೂತು ಮಾತಾಡಿ ಬರಲಿ. ಯಾರಿಗೆ ಕೋಪ, ಯಾರಿಗೆ ಅಂಜಿಕೆ ಎಂಬುದನ್ನು ಹೈಸ್ಕೂಲಿನ ಮೇಷ್ಟ್ರಿಗೆ ಮೊದಲೇ ತಿಳಿಸಲಿ. ಮೊದಲು ಅಲ್ಲಿನ ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಬೇಕು, ಸರಿ.

"ಇದರ ಫೋಟೋ ಹೇಗೆ ತೆಗೆಯೋದು?" ಎಂದು ಖಜಾಂಚಿಗಳು ಆಗಲೇ ತಮಾಷೆ ಮಾಡಿದ್ದಾರೆ. ರಿಬ್ಬನ್ ಕತ್ತರಿಸುವ ಭಾಗ್ಯ ಇದರಲ್ಲಿಲ್ಲ, ಒಪ್ಪಿದೆ. ಮುಂದಿನ ಸಭೆಯಲ್ಲಿ ಇದನ್ನು ಮತಕ್ಕೆ ಹಾಕಲು ಕೇಳುತ್ತೇನೆ. ವಿರೋಧವಿದ್ದವರೂ ದಯವಿಟ್ಟು ಬನ್ನಿ.